ನಲವತ್ತು ಸೆಕೆಂಡು

ದುರ್ಗಿಗುಡಿಯ ಮೂರನೇ ಅಡ್ಡರಸ್ತೆ.
ಕೆಳಗೆ ಮಿಕ್ಸಿ ರಿಪೇರಿ, ಮೇಲೆ ನನ್ನ ಸ್ಟುಡಿಯೋ.
ಗೋಡೆಗೆಲ್ಲ ಮೊಟ್ಟೆ ಟ್ರೇ, ಅದರ ಮೇಲೆ ಹಳೇ ಕಂಬಳಿ;
ಆದರೂ ಖಾಲಿ ಜಾರು ತಿರುಗುವ ಸದ್ದು
ನೆಲದಿಂದ ಹತ್ತಿ ಹಿಮ್ಮಡಿಗೆ ಬರುತ್ತದೆ.
ಹದಿನೇಳು ವರ್ಷದಿಂದ ನನ್ನ ಕಸುಬು ಇಷ್ಟೇ:
ಸಣ್ಣದನ್ನು ದೊಡ್ಡದು ಮಾಡು,
ದೊಡ್ಡದರ ತಲೆ ಸವರು.

ತೀರ್ಥೇಶ ತಂದ ಫೈಲಿನಲ್ಲಿ
ದೀಪಾವಳಿಯ ರಾತ್ರಿ ಇತ್ತು, ಸಾಗರದಾಚೆಯ ಒಂದು ಕೇರಿಯದು.
ಅಂಟಿಗೆ ಪಿಂಟಿಗೆಯವರು ದೀಪ ಹಿಡಿದು ಬರುವುದನ್ನು
ಜಗಲಿಯ ಮೇಲೊಂದು ಮೈಕಿಟ್ಟು, ಸುಮ್ಮನೆ ಕೂತು ಹಿಡಿದಿದ್ದ.
ಅದೊಂದು ಅವನು ಮಾಡಿದ ಒಳ್ಳೇ ಕೆಲಸ.

ಮೊದಲ ನಲವತ್ತು ಸೆಕೆಂಡು ಏನೂ ಇಲ್ಲ. ಜೀರುಂಡೆ.
ಆಮೇಲೆ ಎಲ್ಲಿಂದಲೋ, ಇದೆಯೋ ಇಲ್ಲವೋ ಎಂಬಂತೆ,
ಒಂದು ಎಳೆ.
ಗದ್ದೆಯಂಚಿಗೆ ಬಂದಾಗ ಅದು ಎರಡು ಗಂಟಲು.
ಸಂಕ ದಾಟುವಾಗ ಹಾಡು ನಿಂತು
ಕಾಲ ಕೆಳಗೆ ಹಲಗೆ ಮಾತಾಡಿತು.
ಯಾರೋ ಕೆಮ್ಮಿದರು.
ನಾಯಿ ಎರಡು ಸಲ ಬೊಗಳಿ, ಗುರುತು ಸಿಕ್ಕಿ ಸುಮ್ಮನಾಯಿತು.
ಮತ್ತೆ ಹಾಡು, ಈಗ ಅಂಗಳದಲ್ಲಿ,
ಈಗ ಹೊಸ್ತಿಲಲ್ಲಿ,
ದೀಪಕ್ಕೆ ಎಣ್ಣೆ ಹೊಯ್ಯುವಾಗ
ಎದೆಗೇ ಬಂದು ಬಡಿಯಿತು.
ನಾನು ವಾಲ್ಯೂಮ್ ಮುಟ್ಟಿರಲಿಲ್ಲ.

"ಜೋರಿಲ್ಲ," ಅಂದ ತೀರ್ಥೇಶ.
"ಬಸ್ಸಲ್ಲಿ ಕೇಳಲ್ಲ ಇದು.
ಹಿಂದಿನ ಹಾಡು ಕಿವಿ ಹರಿಯೋ ಹಂಗಿದ್ದು ಇದು ಬಂದ್ರೆ
ಕೆಟ್ಟೋಯ್ತು ಅಂತ ಮುಂದಕ್ಕೆ ಒತ್ತುತಾರೆ."
ಸುಳ್ಳಲ್ಲ. ನಾನೂ ಒತ್ತಿದ್ದೇನೆ.

ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ.
ತುಂಬಿದ ಕೊಡಕ್ಕೇ ಮತ್ತೆ ನೀರು ಹೊಯ್ದು
ಅಂಗೈಯಲ್ಲಿ ಬಾಯಿ ಅದುಮಿ ಹಿಡಿಯುವ
ಯಂತ್ರವೊಂದು ನನ್ನ ಹತ್ತಿರ ಇದೆ.
ಅದನ್ನು ಹಾಕಿದೆ. ಇನ್ನೂ ಸ್ವಲ್ಪ ಅಂದ. ಹಾಕಿದೆ.
ಪರದೆಯ ಮೇಲೆ ಮಂಡಗದ್ದೆ ಕಡೆಯ ಗುಡ್ಡಗಳ ಹಾಗೆ
ಏರಿ ಇಳಿದಿದ್ದ ಗೆರೆ
ಜಂಬಿಟ್ಟಿಗೆಯ ಕಾಂಪೌಂಡಾಗಿ ನಿಂತಿತು,
ಈ ತುದಿಯಿಂದ ಆ ತುದಿಗೆ ಒಂದೇ ಎತ್ತರ.
ಜೀರುಂಡೆ ಹಾಡಿನಷ್ಟು. ಕೆಮ್ಮು ನಾಯಿಯಷ್ಟು.
ಹೊಸ್ತಿಲಲ್ಲಿ ಎತ್ತಿದ ದನಿ ಮಾತ್ರ
ಎತ್ತಲು ಜಾಗವಿಲ್ಲದೆ
ಮಾಡಿಗೆ ತಲೆ ಬಡಿದುಕೊಂಡು ಒಡೆಯಿತು.
ದುಡ್ಡು ಎಣಿಸಿಕೊಂಡೆ.

ಒಂದು ದಿನ ಆಯನೂರು ದಾಟುವಾಗ
ಬಸ್ಸಿನಲ್ಲಿ ಬಂತು ಅದು, ಎರಡು ಡಿಜೆ ಹಾಡುಗಳ ನಡುವೆ,
ಗುಂಪಿನಲ್ಲಿ ಗೋವಿಂದ.
ಯಾರೂ ಮುಂದಕ್ಕೆ ಒತ್ತಲಿಲ್ಲ.
ಯಾರೂ ಕೇಳಲೂ ಇಲ್ಲ.
ಕಂಡಕ್ಟರ್ ಅದರ ಮೇಲೆ ಕೂಗಿ ಕುಂಸಿ, ಕುಂಸಿ ಅಂದ.

ತಿಂಗಳ ಮೇಲೆ ಗುತ್ಯಪ್ಪ ಬಂದರು, ಮುಂದಾಗಿ ಹಾಡಿದವರು.
ಮೆಗ್ಗಾನ್ ಆಸ್ಪತ್ರೆಗೆ ಬಂದಿದ್ದರಂತೆ, ಕಣ್ಣಿಗೆ;
ಹಾಗೇ ಕೇಳಿ ಹೋಗೋಣ ಅಂತ.
ಹೆಡ್‌ಫೋನ್ ಇಟ್ಟೆ. ಬೆಚ್ಚಿ ತಲೆ ಹಿಂದಕ್ಕೆಳೆದರು.
ಆಮೇಲೆ ಪೂರ್ತಿ ಕೇಳಿದರು, ಮರ್ಯಾದೆಗೆ.
"ಚೆನ್ನಾಗೈತೆ.
ಆದ್ರೆ ನಾವು ಶುರುವಿಗೇ ಬಾಗಿಲಲ್ಲಿ ನಿಂತೀವಲ್ಲ?
ನಡಕಂಡು ಬಂದಿದ್ದು ಎಲ್ಲಿ ಹೋತು?"

ಡೆಸಿಬಲ್ ಬಗ್ಗೆ ಏನೋ ಹೇಳಲು ಬಾಯಿ ತೆರೆದೆ.
ಕೆಳಗೆ ಮಿಕ್ಸಿ ಶುರುವಾಯಿತು. ಬಚಾವಾದೆ.

ಆ ರಾತ್ರಿ ಮೂಲ ಫೈಲನ್ನು, ಏನೂ ಮುಟ್ಟದೆ,
ಅವರ ಮೊಮ್ಮಗಳ ನಂಬರಿಗೆ ಕಳಿಸಿದೆ.
ಬೆಳಿಗ್ಗೆ ಫೋನು:
"ಅಂಕಲ್, ಫೈಲ್ ಹಾಳಾಗಿದೆ. ಸದ್ದೇ ಬರ್ತಿಲ್ಲ."
ಅವಳ ಹಿಂದೆ, ಬಹಳ ಹಿಂದೆ,
ಬಚ್ಚಲೊಲೆಯ ಹತ್ತಿರ ಇರಬೇಕು, ಗುತ್ಯಪ್ಪನವರ ದನಿ:
"ತಡಿಯೇ ಹುಡುಗಿ,
ಇನ್ನೂ ಕೆರೆ ಏರಿ ಮೇಲದೀವಿ."