ಡ್ಯೂಟಿ ಚಾರ್ಟು

ಪೆನ್ಸಿಲಿನಲ್ಲಿ ಬರೆದದ್ದು; ರಬ್ಬರು ಉಜ್ಜಿದ ಗುರುತು ಉಳಿದಿದೆ.
ನನ್ನ ಹೆಸರಿನೆದುರು ರಜೆ ಇತ್ತು, ಈಗ ರಾತ್ರಿ.
ಪ್ರಿಸ್ಕಾಳ ಮಗುವಿಗೆ ಜ್ವರವಂತೆ.

ಮೊನ್ನೆ ರಾತ್ರಿ, ನಿನ್ನೆ ಮಧ್ಯಾಹ್ನ,
ಇವತ್ತು ಮತ್ತೆ ರಾತ್ರಿ, ಅದೂ ಬೇರೆ ವಾರ್ಡು.
ನಿನ್ನೆ ಬೆಳಿಗ್ಗೆ ಸದಾಶಿವಗಡದಲ್ಲಿ ಇಳಿಯಬೇಕಾದವಳು
ಕಾಳಿ ಸೇತುವೆಯ ಮೇಲೆ ಕಣ್ಣು ಹತ್ತಿ
ಮಾಜಾಳಿಯಲ್ಲಿ ಎಚ್ಚರಾದೆ. ಕಂಡಕ್ಟರು ಹೆಚ್ಚಿನ ದುಡ್ಡು ಕೇಳಲಿಲ್ಲ.

ಹನ್ನೊಂದನೇ ಮಂಚ: ಗಣಪು ಹರಿಕಂತ್ರ,
ತೊರಕೆಯ ಮುಳ್ಳು ಹೊಕ್ಕ ಕಾಲು.
ಮೂರು ದಿನಕ್ಕೆ ಏಳು ಮಂದಿ ಕೇಳಿದರು ಅವನನ್ನು:
ಯಾವಾಗಾಯ್ತು, ಹೇಗಾಯ್ತು, ಯಾವ ಕಾಲು?
ಹೇಳಿ ಹೇಳಿ ಬೇಸತ್ತು
ಏಳನೆಯವಳಿಗೆ ಕಥೆ ಚಿಕ್ಕದು ಮಾಡಿದ.
ಆ ಒಂದು ಇಂಜೆಕ್ಷನ್ ಮೈಗಾಗದು ಎಂಬ ಮಾತು
ಅಲ್ಲೇ ಉದುರಿತು.

ಏಳನೆಯವಳು ನಾನು.
ಎರಡಕ್ಕೆ ಚುಚ್ಚಿದವಳೂ.

ಎರಡೂಕಾಲಿಗೆ ಟಾರ್ಚು ಹಿಡಿದರೆ
ಎದೆತುಂಬ ದದ್ದು, ಉಸಿರಿಗೆ ಸೀಟಿ.
ಓಡಿದ್ದು ನೆನಪಿದೆ,
ಚಪ್ಪಲಿ ಎಲ್ಲಿ ಬಿಟ್ಟೆನೋ ಇಲ್ಲ.

ನಾಲ್ಕಕ್ಕೆ ದನಿ ಮರಳಿ ಅವನೇ ನನಗೆ ಸಮಾಧಾನ ಹೇಳಿದ:
'ಭರತಕ್ಕೊಂದು ಲೆಕ್ಕ ಉಂಟು ತಂಗೀ,
ದಿನಾ ಮುಕ್ಕಾಲು ತಾಸು ತಡ.
ನಿಮ್ಮ ಪಾಳಿಗೆ ಅದೂ ಇಲ್ಲವಲ್ಲ.'

ಕೇಸ್ ಶೀಟಿನ ನೆತ್ತಿಗೆ ಕೆಂಪು ಶಾಯಿಯಲ್ಲಿ ದಪ್ಪಗೆ ಬರೆದೆ.
ಎಂಟಕ್ಕೆ ಬರುವವಳ ಹೆಸರು
ಚಾರ್ಟಿನಲ್ಲಿ ಇನ್ನೂ ಪೆನ್ಸಿಲು.