ಹಿತ್ತಲಿನ ವರದಿ

ಮಾದರಿ ಸಂಖ್ಯೆ ನಲವತ್ತೊಂದು.
ಊರು: ಹಾಸನ, ಪೆನ್ಷನ್ ಮೊಹಲ್ಲಾ.
ಆಳ: ಒಂದು ಗೇಣು.
ಬೆಳೆ ಎಂಬ ಕಡೆ ಪುದೀನ ಎಂದು ಬರೆದು
ಹೊಡೆದುಹಾಕಿದೆ.

ಇಪ್ಪತ್ತು ವರ್ಷದಿಂದ ಯಾರ್ಯಾರದೋ ಹೊಲದ ಮಣ್ಣು
ನೆರಳಿಗೆ ಹರಡಿ, ಕುಟ್ಟಿ, ಜರಡಿ ಹಿಡಿದವಳು ನಾನು.
ತವರಿನಿಂದ ಹೆಣ್ಣುಮಕ್ಕಳು ಸೀರೆ ತರುತ್ತಾರೆ;
ನಾನು ತಂದದ್ದು ಅರ್ಧ ಸೇರು ಮಣ್ಣು,
ಟಿಫಿನ್ ಡಬ್ಬಿಯ ಕೆಳಗೆ ಬಚ್ಚಿಟ್ಟು.

ದಸ್ತಗೀರ್ ಸಾಬರ ಕಲಾಯಿ ಎಂದರೆ
ಆಲೂರಿನಿಂದಲೂ ಕೊಳದಪ್ಪಲೆ ಬರುತ್ತಿದ್ದವು.
ಕೆಂಡದ ಮೇಲೆ ಹಿತ್ತಾಳೆ, ನವಸಾಗರದ ಬಿಳಿ ಹೊಗೆ,
ಹಳೇ ಅರಿವೆಯಲ್ಲಿ ಒಂದೇ ಸುತ್ತು, ಪಾತ್ರೆಯೊಳಗೆಲ್ಲ ತವರ.
"ಕಲಾಯಿ ಹೋದ ಮೇಲೆ ಹುಣಸೆಹುಳಿ ಕಾಯಿಸಬೇಡಿ, ಕಿಲುಬು ಬಿಡುತ್ತೆ."
ದುಡ್ಡು ತವರಕ್ಕೆ, ಈ ಮಾತು ಪುಕ್ಕಟೆ.

ಸ್ಟೀಲ್ ಬಂತು.
ಅಬ್ಬಾ ಲಾರಿ ಬ್ಯಾಟರಿ ಬಿಚ್ಚುವುದನ್ನು ಕಲಿತರು.
ಸೀಸದ ಹಲಗೆ ತೊಳೆದ ನೀರು, ಆಸಿಡ್ಡಿನ ಹುಳಿನೀರು,
ದಿನಾ ಸಂಜೆ ಎರಡು ಬಕೆಟ್ಟು, ನುಗ್ಗೆಮರದ ಬುಡಕ್ಕೆ.
ಅವರ ಲುಂಗಿ ಜಾಳುಜಾಳಾಯಿತು.
ನೆಲದಲ್ಲಿ ಏನೂ ಕಾಣಲಿಲ್ಲ.

ಗೋಡೆಯಾಚೆ ಪುಟ್ಟತಾಯಮ್ಮನ ಬಾವಿ.
ಮೊದಲು ಹೆದರಿದ್ದು ಅದಕ್ಕೇ. ನೀರು ತಂದು ನೋಡಿದೆ.
ಯಂತ್ರದ ಅಂಕಿ ಸೊನ್ನೆಯ ಪಕ್ಕ ನಿಂತಿತು.
ಆ ರಾತ್ರಿ ನಿದ್ದೆ ಬಂತು.
ಮಾರನೆಯ ರಾತ್ರಿ ಬರಲಿಲ್ಲ.
ಬಾವಿಗೆ ಹೋಗದ ಮೇಲೆ
ಹೋಯಿತೆಲ್ಲಿಗೆ?

ಗಾಜಿನ ಕೊಳವೆಗೆ ಅದೇ ಕೆಮ್ಮಣ್ಣು ತುಂಬಿ
ಮೇಲಿಂದ ಸೀಸದ ನೀರು ಬಿಟ್ಟೆ.
ಕೆಳಗಿನ ಬೀಕರಿಗೆ ತೊಟ್ಟಿಕ್ಕಿದ್ದು ಬರೀ ನೀರು.
ಜೇಡಿಯ ಪದರಗಳ ಸಂದಿಯಲ್ಲಿ,
ಕೆಂಪಿಗೆ ಕಾರಣವಾದ ಆ ಕಬ್ಬಿಣದ ತುಕ್ಕಿನ ಮೈಗೆ,
ಕೊಳೆತ ನುಗ್ಗೆಯೆಲೆಯ ಕಪ್ಪಿಗೆ
ಸೀಸ ಅಂಟಿ ಕೂತಿದೆ,
ಅರಸೀಕೆರೆ ಬಸ್ಸಿನಲ್ಲಿ ಕೂತವರನ್ನು ಎಬ್ಬಿಸಿ
ಕಿಟಕಿಯ ಜಾಗ ಹಿಡಿದವರ ಹಾಗೆ.

"ಎಲ್ಲಾ ಹೊಟ್ಟೆಗೆ ಹಾಕ್ಕೊಂಡಿದೆ ನೋಡು" ಅಂದರು ನಾಗವೇಣಿ ಮೇಡಂ.

ನಮ್ಮ ಮಾತಿನಲ್ಲಿ ಹಾಗೆಂದರೆ ಕ್ಷಮಿಸುವುದು.
ಮಣ್ಣಿಗೆ ಆ ಅರ್ಥ ಗೊತ್ತಿಲ್ಲ.
ಅದು ಹೊಟ್ಟೆಗೆ ಹಾಕಿಕೊಂಡದ್ದು ಹೊಟ್ಟೆಯಲ್ಲೇ ಇದೆ.
ಜೀರ್ಣವಾಗಿಲ್ಲ, ಆಗುವುದೂ ಇಲ್ಲ.
ಹುಳಿ ಹೆಚ್ಚಾಗುವ ತನಕ, ಇಲ್ಲವೇ
ಜಾಗ ತುಂಬುವ ತನಕ
ಇಟ್ಟುಕೊಂಡಿದೆ, ಅಷ್ಟೆ.
ಒಂದು ಬಾವಿ ಉಳಿದದ್ದು ಆ 'ಅಷ್ಟೆ'ಯಿಂದ.

ಅಮ್ಮಿಯ ಪುದೀನದ ಮಡಿ ಇದ್ದದ್ದು ಅಲ್ಲೇ.
ತೌಸೀಫ್ ಅಂಬೆಗಾಲಿಟ್ಟದ್ದು, ಮಣ್ಣು ತಿಂದು ಏಟು ತಿಂದದ್ದು ಅಲ್ಲೇ.
ಮುಂದೆ ಮಗ್ಗಿ ತಲೆಗೆ ಹತ್ತದೆ
ಶಾಲೆಯಲ್ಲೂ ತಿಂದ.
ಅದಕ್ಕೂ ಇದಕ್ಕೂ ಗಂಟಿದೆಯೋ ಇಲ್ಲವೋ,
ಹೇಳುವ ಯಂತ್ರ ನಮ್ಮ ಲ್ಯಾಬಿನಲ್ಲಿಲ್ಲ.
ವರದಿಯಲ್ಲಿ ಅದಕ್ಕೆ ಕಾಲಂ ಕೂಡ ಇಲ್ಲ.

ಅಬ್ಬಾಗೆ ಹೇಳಿದೆ, ಭಾನುವಾರ, ಚಹಾ ಆದ ಮೇಲೆ.
ಅಂಕಿ ಹೇಳಲಿಲ್ಲ. ಅಗೆಯಬಾರದು, ಸೊಪ್ಪು ಹಾಕಬಾರದು,
ಹುಳಿ ಮುರಿಯಲು ಸುಣ್ಣ ಕೊಡಬೇಕು ಎಂದೆ.
ಬಹಳ ಹೊತ್ತು ನುಗ್ಗೆಯ ಕಡೆ ನೋಡಿದರು.
"ಹಂಗಾದ್ರೆ ಕಲಾಯಿ ಹೋದ ಪಾತ್ರೆ ಅನ್ನು."

ಆಮೇಲೆ ಎದ್ದು, ಗೋಡೆ ಹಿಡಿದು ಹಿತ್ತಲಿಗೆ ನಡೆದು,
ಸೊಂಟದ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು
ಬುಡಕ್ಕೆ ಕವುಚಿ ತಟ್ಟಿದರು.
ಬಿದ್ದದ್ದು ಉಗುರಿನಷ್ಟು.
ಇನ್ನೊಮ್ಮೆ ತಟ್ಟಿದರು.

ಎರಡು ಮೂಟೆ ಬೇಕು ಎಂದು ನಾನು ಹೇಳಲಿಲ್ಲ.
ಗೋಡೆಯಾಚೆ ರಾಟೆ ಕಿರುಗುಟ್ಟಿತು,
ಪುಟ್ಟತಾಯಮ್ಮನ ಸೊಸೆ ಇರಬೇಕು,
ತುಂಬಿದ ಕೊಡ ಮೇಲೆ ಬರುವ ಸದ್ದು.