ಉಪ್ಪು

ಶಕ್ತಿನಗರದ ನಮ್ಮ ಕ್ವಾರ್ಟರ್ಸಿನ ಬೋರಿನ ನೀರು
ತಪೇಲಿ ತಳಕ್ಕೆ ಸುಣ್ಣ ಬಳಿಯುತ್ತದೆ.
ಪಾತ್ರೆ ತೊಳೆಯುವ ಮಿಷನ್ನು ಮೂರು ದಿನದಿಂದ
ಗುರ್ ಅಂದು ನಿಲ್ಲುತ್ತಿತ್ತು.

ಖಾಜಾಹುಸೇನ ಮೊಣಕಾಲೂರಿ ಜಾಲರಿ ಬಿಚ್ಚಿದ:
ಗುರೆಳ್ಳು, ಒಂದು ಹುಣಸೆ ಬೀಜ,
ನೀರು ಚಿಮ್ಮುವ ತೂತುಗಳಲ್ಲಿ ಬಿಳಿ ಹಕ್ಕಳೆ.
"ಉಪ್ಪು ಹಾಕೀರೇನ್ರಿ ಅಕ್ಕಾ?"
"ಈ ಉಪ್ಪುನೀರಿಗೆ ಮತ್ಯಾಕ ಉಪ್ಪು?"
ಅವ ನಗಲಿಲ್ಲ.

ಉಪ್ಪು ತಿಂದವರು ನೀರು ಕುಡಿಯಬೇಕಂತೆ;
ಇದು ನಾಲ್ಕು ವರ್ಷ
ಬರೀ ನೀರು ಕುಡಿದಿದೆ.

ಪಂಪು ಹೋಗಿದ್ದರೆ ಐದು ಸಾವಿರ, ಹೊಸದಕ್ಕೆ ಮೂವತ್ತು.
"ಬೋರ್ಡು ಸುಟ್ಟ ದಿನ ಗುಜರಿಗೆ ಹಾಕ್ರಿ.
ಇವತ್ತಲ್ಲ."
ಲಿಂಬೆಹುಳಿ ಪುಡಿ ಸುರಿದು ಬಾಗಿಲು ಒತ್ತಿದ.

ಒಳಗೆ ಒಂದೇ ಒಂದು,
ಅವನು ಚಾ ಕುಡಿದ ಬಸಿ.
ನೀರು ಏರುವ ಸದ್ದಿಗೆ
ಇಬ್ಬರೂ ಕಿವಿಗೊಟ್ಟು ನಿಂತೆವು.